ರೂಟರ್ ನಿಮ್ಮದು, ಪಾಸ್‌ವರ್ಡ್ ನಮ್ಮದು

ಬ್ರಾಡ್‌ಬ್ಯಾಂಡ್ ಎಂದರೆ ಏನು ಎಂದು ನಮ್ಮ ದೇಶದಲ್ಲಿ ಸರಕಾರ ಆಗಾಗ ತೀರ್ಮಾನಿಸುತ್ತದೆ. 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಸಾಕಿತ್ತು. ಆಮೇಲೆ 512 ಬೇಕು ಎಂದರು. 2023ರ ಜನವರಿಯಲ್ಲಿ ಅದು 2 ಮೆಗಾಬಿಟ್‌ಗೆ ಏರಿತು. ಹೀಗಾಗಿ ಹಳೆಯ ತಾಮ್ರದ ತಂತಿಯನ್ನೇ ನಂಬಿಕೊಂಡಿದ್ದ, ಕೇರಳದ ಕಾಸರಗೋಡಿಗೆ ಸೇರಿದ ನಮ್ಮ ಪೆರ್ಲ, ಬದಿಯಡ್ಕ ಕಡೆಯ ಕೆಲವರು ಆ ವರ್ಷ ರಾತ್ರಿ ಮಲಗುವಾಗ ಬ್ರಾಡ್‌ಬ್ಯಾಂಡ್ ಗ್ರಾಹಕರಾಗಿದ್ದು, ಬೆಳಗ್ಗೆ ಏಳುವಾಗ ಬರೀ ಗ್ರಾಹಕರಾಗಿದ್ದರು. ತಂತಿ ಅದೇ, ವೇಗ ಅದೇ. ಬಿಲ್ಲಿಗೆ ಮಾತ್ರ ಈ ಸುದ್ದಿ ತಲುಪಲಿಲ್ಲ.

ಈಗ ಆ ಅವಮಾನ ತೀರಿದೆ, ಫೈಬರ್ ಬಂದಿದೆ. ಕರೆಂಟು ಕಂಬದಿಂದ ತೆಂಗಿಗೆ, ತೆಂಗಿನಿಂದ ಕಂಗಿಗೆ, ಕಂಗಿನಿಂದ ಮನೆಯ ಮಾಡಿಗೆ ಬೆಳಕು ಜೋಲಾಡುತ್ತಾ ಬರುತ್ತದೆ. ಕೂದಲಿನಷ್ಟು ತೆಳ್ಳಗಿನ ಒಂದೇ ಎಳೆ ಕವಲೊಡೆದು 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ, ಸೆಕೆಂಡಿಗೆ ಸುಮಾರು ಎರಡೂವರೆ ಗಿಗಾಬಿಟ್ ಹೊರುತ್ತದೆ. ಅಂಗಳದ ತನಕದ ತಂತ್ರಜ್ಞಾನಕ್ಕೆ ಕೈಮುಗಿಯಲೇಬೇಕು. ಜಗಲಿ ಹತ್ತಿದ ಮೇಲಿನ ಕತೆ ಬೇರೆ.

ನಮ್ಮ ನೆರೆಯ ಗಣಿತ ಮಾಸ್ಟ್ರು ನಿವೃತ್ತರಾದ ಮೇಲೆ ಹಳೆ ಕಂಪೆನಿಯನ್ನು ಬಿಟ್ಟು ಹೊಸ ಕಂಪೆನಿಗೆ ಹೆಸರು ಬರೆಸಿದರು. ಲೈನಿನ ಹುಡುಗ ಬಂದ, ಎಳೆ ಕತ್ತರಿಸಿದ, ಹಸಿರು ಮೂತಿಯ ಕನೆಕ್ಟರನ್ನು ಬೆಳಕಿನ ಬಲ ಅಳೆಯುವ ಪುಟ್ಟ ಮೀಟರಿಗೆ ಸಿಕ್ಕಿಸಿದ. "ಮೈನಸ್ ಇಪ್ಪತ್ತೆರಡು ಉಂಟು ಮಾಸ್ಟ್ರೇ, ಭಾರೀ ಲಾಯ್ಕಾಯ್ತು" ಅಂದ. ಮಾಸ್ಟ್ರು ಗಾಬರಿಯಾದರು. ಸೊನ್ನೆಗಿಂತ ಕೆಳಗೆ ಇಪ್ಪತ್ತೆರಡು ತೆಗೆದದ್ದನ್ನು ಲಾಯ್ಕ ಎಂದು ಹೊಗಳುವುದನ್ನು ಅವರು ತಮ್ಮ ಸರ್ವಿಸಿನಲ್ಲೇ ಕಂಡವರಲ್ಲ. "ಮೈನಸ್ ಇಪ್ಪತ್ತೇಳರಿಂದ ಕೆಳಗೆ ಹೋದರೆ ಮಾತ್ರ ಕೆಂಪು ದೀಪ ಬರುವುದು" ಎಂದು ಹುಡುಗ ಸಮಾಧಾನ ಹೇಳಿದ. ತನ್ನ ಬ್ಯಾಗಿನಿಂದ ಒಂದು ರೂಟರ್ ತೆಗೆದು ಸಿಕ್ಕಿಸಿದ, ಮೊಬೈಲಿನಲ್ಲಿ ಸ್ಪೀಡ್ ನೋಡಿದ, ಅದರ ಫೋಟೋ ತೆಗೆದ, ರೂಟರನ್ನು ಪುನಃ ಬ್ಯಾಗಿಗೆ ಹಾಕಿದ.

"ಇದನ್ನು ಯಾಕೆ ತೆಗೆದೆ?"

"ಇದು ಚೆಕ್ಕಿಂಗಿನದ್ದು. ನಿಮ್ಮದೇ ಒಳ್ಳೆ ರೂಟರ್ ಉಂಟಲ್ಲ, ಅದನ್ನು ನೀವೇ ಸೆಟ್ ಮಾಡಿ. ಮ್ಯಾನುವಲ್ ಆಗಿ. ಎಂತ ಇಲ್ಲ ಅದರಲ್ಲಿ."

ಬೈಕ್ ಹೊರಟಿತು. ಕಂಪೆನಿಯ ದಾಖಲೆಯಲ್ಲಿ ಮಾಸ್ಟ್ರ ಮನೆಗೆ ಇಂಟರ್ನೆಟ್ ಬಂದಾಗಿತ್ತು, ಫೋಟೋ ಸಹಿತ.

ಮಗ ಬೆಂಗಳೂರಿನಿಂದ ಕಳಿಸಿದ್ದ ನಾಲ್ಕು ಕೊಂಬಿನ ರೂಟರ್ ಮೇಜಿನ ಮೇಲಿತ್ತು. ಪಕ್ಕದಲ್ಲಿ ಕಂಪೆನಿ ಕೊಟ್ಟ ಚೀಟಿ. 'ಜೋಡಣೆಯಲ್ಲಿ ತೊಂದರೆಯಾದರೆ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ವೀಡಿಯೊ ನೋಡಿ' ಎಂದು ಅದರಲ್ಲಿ ಬರೆದಿದೆ. ಇಂಟರ್ನೆಟ್ ಬಾರದವರು ಇಂಟರ್ನೆಟ್ಟಿನಲ್ಲಿ ವೀಡಿಯೊ ನೋಡಿ ಇಂಟರ್ನೆಟ್ ತರಿಸಿಕೊಳ್ಳಬೇಕು. ದೂರು ಕೊಡಲು ಆ್ಯಪ್ ಉಂಟು, ಆ್ಯಪ್ ಇಳಿಸಲು ನೆಟ್ ಬೇಕು, ಒಳಗೆ ಹೋಗಲು ಒಟಿಪಿ ಬೇಕು, ಒಟಿಪಿ ಬರಲು ಗುಡ್ಡೆ ಹತ್ತಬೇಕು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಮಕ್ಕಳು ಹತ್ತಿದ ಗುಡ್ಡೆಗಳು ಇನ್ನೂ ಅಲ್ಲೇ ಇವೆ. ಈಗ ಹತ್ತುವ ಸರದಿ ಮಾಸ್ಟ್ರುಗಳದ್ದು.

ಮಾಸ್ಟ್ರು ಹಟವಾದಿ. ಬ್ರೌಸರಿನಲ್ಲಿ 192.168.1.1 ಎಂದು ಬರೆದರು. ರೂಟರಿನ ಹೊಟ್ಟೆಯೊಳಗಿನ ಪುಟ ತೆರೆಯಿತು. ಇದಕ್ಕೆ ಹೊರಗಿನ ನೆಟ್ ಬೇಡ, ಅದು ಪೆಟ್ಟಿಗೆಯ ಒಳಗೇ ಇರುವ ವಿಳಾಸ. ಇಡೀ ವ್ಯವಸ್ಥೆಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ತೆರೆದ ಬಾಗಿಲು ಇದೊಂದೇ. ಒಳಗೆ ಹೋದರೆ ಪ್ರಶ್ನೆಪತ್ರಿಕೆ: ಸಂಪರ್ಕ ಯಾವ ಬಗೆಯದು? ಡೈನಾಮಿಕ್ಕೋ, ಸ್ಟ್ಯಾಟಿಕ್ಕೋ, ಪಿಪಿಪಿಒಇಯೋ? ವಿಲ್ಯಾನ್ ಸಂಖ್ಯೆ, ಅಂದರೆ ಒಂದೇ ಎಳೆಯಲ್ಲಿ ನಿಮ್ಮ ಸಾಲು ಯಾವುದೆಂಬ ಅಂಕಿ, ಎಷ್ಟು? ಯೂಸರ್‌ನೇಮ್? ಪಾಸ್‌ವರ್ಡ್?

ಈ ಪಿಪಿಪಿಒಇ ಎಂಬುದರ ಬಗ್ಗೆ ಎರಡು ಮಾತು ಹೇಳಲೇಬೇಕು. ಕಿರ್ರೋ ಎಂದು ಕೂಗುವ ಮೋಡೆಮ್ಮಿನಿಂದ ಡಯಲ್ ಮಾಡುತ್ತಿದ್ದ ಕಾಲದ ಪದ್ಧತಿಗೆ 1999ರಲ್ಲಿ ಹೊಸ ಅಂಗಿ ತೊಡಿಸಿದ್ದು ಇದು. ಬೆಳಕಿನ ದಾರಿ ಹಾಕಿದರೂ ಗೇಟಿನಲ್ಲಿ ಹೆಸರು ಹೇಳಿ, ಗುಟ್ಟು ಹೇಳಿ, ಒಳಗೆ ಬರಬೇಕು. ಬಂದಮೇಲೂ ಬಿಡುವುದಿಲ್ಲ. ಮಾಹಿತಿ ಹೊತ್ತು ಸಾಗುವ 1500 ಬೈಟಿನ ಪ್ರತಿಯೊಂದು ಪೊಟ್ಟಣದಲ್ಲೂ ಅದು ತನ್ನ ಪಾಲಿಗೆಂದು 8 ಬೈಟ್ ಹಿಡಿದುಕೊಂಡು ನಮಗೆ 1492 ಬಿಡುತ್ತದೆ. ಶೇಕಡಾ ಒಂದಕ್ಕೂ ಕಡಿಮೆ. ನಮ್ಮ ಕಡೆ ಕಡತ ಮುಂದೆ ಹೋಗಲು ಕೊಡಬೇಕಾದ್ದಕ್ಕೆ ಹೋಲಿಸಿದರೆ ಧರ್ಮದ ದರ. ಆದರೆ ಆ 1492ನ್ನು ಸರಿಯಾಗಿ ಹಾಕದಿದ್ದರೆ ಕೆಲವು ಪುಟ ತೆರೆಯುತ್ತದೆ, ಕೆಲವು ಬಿಳುಚಿಕೊಂಡು ಕೂರುತ್ತದೆ. ಯಾವುದು ಕೂರುತ್ತದೆ ಎಂದು ಕೇಳಬೇಡಿ, ಅವಸರದ್ದೇ ಕೂರುವುದು.

ಇರಲಿ, ಗುಟ್ಟಿನ ವಿಷಯಕ್ಕೆ ಬರೋಣ. ಯೂಸರ್‌ನೇಮ್ ಬಿಲ್ಲಿನಲ್ಲಿ ಸಿಕ್ಕಿತು. ಪಾಸ್‌ವರ್ಡ್ ಮತ್ತು ವಿಲ್ಯಾನ್ ಸಂಖ್ಯೆ ಎಲ್ಲಿಯೂ ಇಲ್ಲ. ಇಂಟರ್ನೆಟ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಬರುತ್ತದೆ ಎಂದು ಕೇರಳ ಹೈಕೋರ್ಟ್ 2019ರಲ್ಲಿ ಹೇಳಿದೆ. ಹಕ್ಕು ಕೊಟ್ಟ ನ್ಯಾಯಾಲಯ ಪಾಸ್‌ವರ್ಡನ್ನೂ ತೀರ್ಪಿನಲ್ಲಿ ಸೇರಿಸಿದ್ದರೆ ಮಾಸ್ಟ್ರು ಬಚಾವಾಗುತ್ತಿದ್ದರು.

ಸಹಾಯವಾಣಿಗೆ ಫೋನ್ ಹಚ್ಚಿದರು. ಮಲಯಾಳಕ್ಕೆ ಒಂದು, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು. ಕನ್ನಡಕ್ಕೆ ಏನೂ ಒತ್ತಬೇಕಾಗಿಲ್ಲ, ಇಟ್ಟುಬಿಟ್ಟರಾಯಿತು. ಪಂಚಾಯತಿಗೋ ವಿಲೇಜ್ ಆಫೀಸಿಗೋ ಇಲ್ಲಿನವರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ 1969ರ ಆಡಳಿತ ಭಾಷೆಯ ಕಾಯ್ದೆ ಹೇಳುತ್ತದೆ. ಅದನ್ನು ಓದಿಕೊಂಡು ಆಫೀಸಿನಲ್ಲಿ ಜಗಳ ಮಾಡಿ ಗೆದ್ದ ಮನುಷ್ಯ ನಮ್ಮ ಮಾಸ್ಟ್ರು. ಧ್ವನಿಮುದ್ರಿತ ಹೆಂಗಸಿನ ಹತ್ತಿರ ಕಾಯ್ದೆ ಮಾತಾಡುವುದು ಹೇಗೆ?

ಮಲಯಾಳವನ್ನೇ ಒತ್ತಿದರು. ನಮಗೇನು, ಪೇಟೆಗೆ ಹೋಗಿ ಬರುವಷ್ಟರಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲದಕ್ಕೂ ನಾಲಗೆ ಹೊರಳುತ್ತದೆ. ಆದರೆ ಆ ಕಡೆಯವನ ತೆಂಕಣ ಮಲಯಾಳಕ್ಕೂ ಈ ಕಡೆಯ ಮಲಯಾಳಕ್ಕೂ ನಡುವೆ ಹನ್ನೆರಡು ಜಿಲ್ಲೆ. ಅವನು ಹೇಳಿದ್ದರಲ್ಲಿ ಮಾಸ್ಟ್ರಿಗೆ ಚೊಕ್ಕವಾಗಿ ತಿಳಿದದ್ದು ಇಷ್ಟು: ಭದ್ರತೆಯ ಕಾರಣಕ್ಕೆ ಪಾಸ್‌ವರ್ಡನ್ನು ಗ್ರಾಹಕರಿಗೆ ತಿಳಿಸುವಂತಿಲ್ಲ.

"ಯಾರ ಭದ್ರತೆ?"

"ನಿಮ್ಮದೇ ಸಾರ್."

ಬೇಸಗೆ ರಜೆಗೆ ಬಂದಿದ್ದ ಸೊಸೆಗೆ ಆಗ ಒಂದು ಉಪಾಯ ಹೊಳೆಯಿತು. "ಮಾವ, ನನ್ನದು ಕರ್ನಾಟಕದ ಸಿಮ್ ಅಲ್ವಾ, ಇದರಲ್ಲಿ ಮಾಡಿ ನೋಡಿ." ಮಾಡಿದರು. 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಎಂದಿತು ಫೋನು! ಮಾಸ್ಟ್ರು ಎದ್ದು ನಿಂತೇ ಒಂದನ್ನು ಒತ್ತಿದರಂತೆ. ಒಬ್ಬಳು ಹುಡುಗಿ ಬಲು ಮರ್ಯಾದೆಯಿಂದ ಮಾತಾಡಿಸಿ ಯೂಸರ್‌ನೇಮ್ ಕೇಳಿದಳು. ಮಾಸ್ಟ್ರು ಒಂದೊಂದೇ ಅಕ್ಷರ ಬಿಡಿಸಿದರು.

"ಕೆ ಫಾರ್ ಕೋಲ್ಕತ್ತಾ ನಾ ಸರ್?"

"ಅಲ್ಲಮ್ಮ, ಕೆ ಫಾರ್ ಕಾಸರಗೋಡು."

"ಅದು ಎಲ್ಲಿ ಬರುತ್ತೆ ಸರ್?"

ಈ ಪ್ರಶ್ನೆಗೆ ಉತ್ತರ ಹುಡುಕಲು, ಕಾಸರಗೋಡು ಕೇರಳದ ಪಾಲಾದ 1956ರಿಂದ ನಮ್ಮ ಊರಿನವರು ಎಷ್ಟು ಸಭೆ ಮಾಡಿದ್ದಾರೆ, ಎಷ್ಟು ನಿರ್ಣಯ ಕೈಗೊಂಡಿದ್ದಾರೆ! ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅದು ಇನ್ನೂ ಲೋಡ್ ಆಗುತ್ತಾ ಇದೆ, ಚಕ್ರ ತಿರುಗುತ್ತಾ ಇದೆ. ಅದನ್ನು ಅಷ್ಟೋ ಇಷ್ಟೋ ಜಾರಿಗೆ ತಂದದ್ದು ಮೊಬೈಲ್ ಟವರು ಮಾತ್ರ. ಗಡಿಯ ಗುಡ್ಡೆಗಳ ಮೇಲೆ ನಿಂತರೆ ಫೋನು ತಾನಾಗಿ ಕರ್ನಾಟಕಕ್ಕೆ ಸೇರಿಕೊಳ್ಳುತ್ತದೆ, ಸುಸ್ವಾಗತದ ಮೆಸೇಜೂ ಬರುತ್ತದೆ. ಇಳಿದರೆ ವಿಲೀನ ರದ್ದು.

ಹುಡುಗಿ ಕಂಪ್ಯೂಟರ್ ತಡಕಾಡಿ ಹೇಳಿದಳು: "ನಿಮ್ದು ಕೇರಳ ಸರ್ಕಲ್ ಐಡಿ ಸರ್. ನಮ್ಮ ಸಿಸ್ಟಮ್‌ನಲ್ಲಿ ಓಪನ್ ಆಗಲ್ಲ. ಕೇರಳ ನಂಬರ್‌ಗೆ ಕಾಲ್ ಮಾಡಿ. ಇನ್ನೇನಾದರೂ ಸಹಾಯ ಬೇಕಿತ್ತಾ ಸರ್?" ಕನ್ನಡ ಬಲ್ಲವರಿಗೆ ಮಾಸ್ಟ್ರ ಐಡಿ ಕಾಣುವುದಿಲ್ಲ, ಐಡಿ ಕಾಣುವವರಿಗೆ ಕನ್ನಡ ಬಾರದು. ಒಂದೇ ಕಂಪೆನಿ, ಒಂದೇ ಬಿಲ್ಲು, ಒಂದೇ ದೇಶ. ನಡುವೆ ರಾಜ್ಯದ ಗಡಿ, ತಲಪಾಡಿಯ ಚೆಕ್‌ಪೋಸ್ಟು.

ಇಷ್ಟರಲ್ಲಿ ಕೇರಳದ ಕಡೆಯಿಂದ ಹೊಸ ವಾದ ಬಂತು. ಕಂಪೆನಿಯ ರೂಟರನ್ನೇ ಬಾಡಿಗೆಗೆ ತೆಗೆದುಕೊಂಡರೆ ಎಲ್ಲ ಸಲೀಸು, ಅದನ್ನು ಅವರು ಕೂತಲ್ಲಿಂದಲೇ ತಿದ್ದಬಲ್ಲರು. ನಿಮ್ಮ ಸ್ವಂತದ್ದಾದರೆ ನಮಗೆ ಕಾಣುವುದಿಲ್ಲ, ಕಾಣದ್ದಕ್ಕೆ ನಾವು ಜವಾಬ್ದಾರರಲ್ಲ. ನನಗೆ ಕೇಳಿದರೆ ಇಡೀ ವ್ಯಾಪಾರದ ತಿರುಳು ಇಲ್ಲಿದೆ. ಕೆಲಸ ಮಾಡುವಾಗ ನೀವು ನಮ್ಮ ನೌಕರ, ಬೀಗದಕೈ ಕೇಳಿದಾಗ ನೀವು ಹೊರಗಿನವರು. ಹಳೇ ಕಾಲದ ಲೈನ್‌ಮ್ಯಾನ್‌ಗಾದರೂ ಸಂಬಳವಿತ್ತು, ಸೈಕಲ್ ಅಲವೆನ್ಸ್ ಇತ್ತು. ಈಗಿನ ಗ್ರಾಹಕ ಸೈಕಲನ್ನೂ ತಾನೇ ತಂದು, ತುಳಿಯಲು ಕಂಪೆನಿಗೆ ಬಾಡಿಗೆ ಕೊಡಬೇಕು.

ಕೊನೆಗೆ ಗುಟ್ಟು ಒಡೆದದ್ದು ಪೆರ್ಲ ಪೇಟೆಯ ಹೋಟೆಲಿನಲ್ಲಿ. ಗೋಳಿಬಜೆ ತಿನ್ನುತ್ತಿದ್ದ ಲೈನಿನ ಹುಡುಗ ಸಿಕ್ಕಿದ. ಮಾಸ್ಟ್ರು ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳದ ಹಾಗೆ ಪಾಸ್‌ವರ್ಡ್ ಕೇಳಿದರು. ಅವನು ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದ: "ಅಯ್ಯೋ, ಅದು ಎಲ್ಲರದ್ದೂ ಒಂದೇ ಅಲ್ವಾ ಮಾಸ್ಟ್ರೇ! ಒಂದು ಎರಡು ಮೂರು ನಾಲ್ಕು." ಪಕ್ಕದ ಮೇಜಿನಲ್ಲಿ ಚಾ ಕುಡಿಯುತ್ತಿದ್ದವರು ಹೌದೆಂದು ತಲೆ ಆಡಿಸಿದರು. ವಿಲ್ಯಾನ್ ಸಂಖ್ಯೆ ಕ್ಯಾಷಿಯರಿಗೂ ಗೊತ್ತಿತ್ತು.

ಮನೆಗೆ ಬಂದು ಹಾಕಿದರೆ ಆಗಲೂ ಇಲ್ಲ. ಮತ್ತೆ ಹುಡುಗನಿಗೆ ಫೋನು. ಚೆಕ್ಕಿಂಗ್ ಮಾಡುವಾಗ ಸರ್ವರು ಅವನ ಬ್ಯಾಗಿನ ರೂಟರಿನ ಮ್ಯಾಕ್ ವಿಳಾಸವನ್ನು, ಅಂದರೆ ಆ ಪೆಟ್ಟಿಗೆಯ ಹುಟ್ಟುಗುರುತಿನ ಸಂಖ್ಯೆಯನ್ನು, ಮಾಸ್ಟ್ರ ಹೆಸರಿಗೆ ಬರೆದುಕೊಂಡುಬಿಟ್ಟಿದೆ. ಇನ್ನು ಬೇರೆ ಯಾವ ಪೆಟ್ಟಿಗೆಯನ್ನೂ ಅದು ಒಳಗೆ ಬಿಡದು. ಅಳಿಸಲು ಕಚೇರಿಗೆ ಅರ್ಜಿ ಹಾಕಬೇಕು, ದಿನ ಹಿಡಿಯುತ್ತದೆ. ಇಲ್ಲವೇ ಒಂದು ಒಳದಾರಿ ಉಂಟು. ಹುಡುಗ ತನ್ನ ರೂಟರಿನ ಅಡಿಭಾಗದ ಫೋಟೋ ಕಳಿಸಿದ. ಆರು ಜೋಡಿ, ಹನ್ನೆರಡು ಅಕ್ಷರ ಅಂಕಿಗಳು, ಇರುವೆ ಗಾತ್ರದಲ್ಲಿ. ಅದರಲ್ಲಿ ಎಂಟು ಯಾವುದು, ಬಿ ಯಾವುದು ಎಂದು ತಿಳಿಯಲು ಸೊಸೆ ಭೂತಗನ್ನಡಿ ಹಿಡಿದಳು. ಮಾಸ್ಟ್ರು ಸೆಟ್ಟಿಂಗಿನಲ್ಲಿ 'ಮ್ಯಾಕ್ ಕ್ಲೋನ್' ಎಂಬಲ್ಲಿ ಅದನ್ನು ತುಂಬಿದರು. ದತ್ತು ಹೋದವನಿಗೆ ಗೋತ್ರ ಬದಲಾದ ಹಾಗೆ, ಬೆಂಗಳೂರಿನಿಂದ ಬಂದ ರೂಟರ್ ಲೈನಿನ ಹುಡುಗನ ವಂಶಕ್ಕೆ ಸೇರಿತು. ಹಸಿರು ದೀಪ ಹತ್ತಿತು.

ವೈಫೈ ಮುರಕಲ್ಲಿನ ಎರಡು ಗೋಡೆ ದಾಟಿದರೆ ಸುಸ್ತಾಗುತ್ತದೆ. 5 ಗಿಗಾಹರ್ಟ್ಸಿನದ್ದು ಅಡಿಗೆಮನೆಯ ಬಾಗಿಲಲ್ಲೇ ನಿಲ್ಲುತ್ತದೆ, 2.4ರದ್ದು ತೆವಳಿಕೊಂಡು ಹಟ್ಟಿಯ ತನಕ ಹೋಗುತ್ತದೆ. ಅದು ಭೌತಶಾಸ್ತ್ರದ ದೋಷ, ಯಾರನ್ನೂ ಬೈಯುವಂತಿಲ್ಲ.

ಅದೇ ಸಂಜೆ ಫೋನು ಬಂತು. ಧ್ವನಿಮುದ್ರಿತ ಹೆಂಗಸು, ಮಲಯಾಳದಲ್ಲಿ: ನಿಮ್ಮ ಮನೆಗೆ ಬಂದ ತಂತ್ರಜ್ಞರ ಸೇವೆ ಹೇಗಿತ್ತು, ಒಂದರಿಂದ ಐದರೊಳಗೆ ಅಂಕ ಕೊಡಿ. ಮಾಸ್ಟ್ರು ಸ್ವಲ್ಪ ಹೊತ್ತು ಯೋಚಿಸಿ ನಾಲ್ಕನ್ನು ಒತ್ತಿದರು. ಐದು ಕೊಡಬಹುದಿತ್ತಲ್ಲ ಮಾವ, ಎಲ್ಲ ನೀವೇ ಮಾಡಿದ್ದಲ್ವಾ ಎಂದಳು ಸೊಸೆ. "ಪೂರ್ತಿ ಅಂಕ ಕೊಟ್ಟರೆ ಅವನಿಗೆ ಜಂಬ ಬರುತ್ತದೆ" ಎಂದರು.

ತಿಂಗಳ ಕೊನೆಗೆ ಬಿಲ್ಲು ಬಂತು. ಮಾಸಿಕ ಶುಲ್ಕದ ಕೆಳಗೆ ಇನ್‌ಸ್ಟಲೇಷನ್ ಚಾರ್ಜು, ಅದರ ಕೆಳಗೆ ಶೇಕಡಾ 18 ಜಿಎಸ್‌ಟಿ. ಮಾಸ್ಟ್ರು ಕೆಂಪು ಪೆನ್ನು ತೆಗೆದು ಇನ್‌ಸ್ಟಲೇಷನ್ನಿನ ಸುತ್ತ ಒಂದು ವೃತ್ತ ಎಳೆದು, ಪಕ್ಕದಲ್ಲಿ ಕನ್ನಡದಲ್ಲೇ ಬರೆದು ಕಚೇರಿಗೆ ಕಳಿಸಿದ್ದಾರೆ: 'ಸದರಿ ಕೆಲಸ ಮಾಡಿದವನು ನಾನು. ಕೂಲಿ ನನ್ನ ಖಾತೆಗೆ ಹಾಕಿ. ಜಿಎಸ್‌ಟಿ ಬೇಕಾದರೆ ನಾನೇ ಕಟ್ಟುತ್ತೇನೆ.'