ಹುರುಳಿ 2 ಕೆ.ಜಿ.

ಯುಗಾದಿ ಮುಗಿದು ನಾಲ್ಕು ದಿನವಾಯಿತು. ಬಾಗಿಲಿನ ಮಾವಿನ ತೋರಣ ಒಣಗಿ ಸುರುಳಿ ಸುತ್ತಿಕೊಂಡಿದೆ, ನನ್ನ ಸಿಟ್ಟು ಮಾತ್ರ ಇನ್ನೂ ಹಸಿಯಾಗಿಯೇ ಇದೆ. ಕಾರಣ ಕೇಳಿದರೆ ನಗುತ್ತೀರಿ. ಪಲ್ಯ.

ಹಬ್ಬದೂಟದಲ್ಲಿ ಪಲ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ತಾತಂದಿರ ಕಾಲದಲ್ಲೇ ತೀರ್ಮಾನವಾಗಿದೆ. ಒಬ್ಬಟ್ಟು ಆಗಲೇಬೇಕು. ಬೇಳೆ ಬಸಿದ ಕಟ್ಟು ಪಾತ್ರೆಯಲ್ಲಿರುವಾಗ ಒಬ್ಬಟ್ಟಿನ ಸಾರು ಯಾರನ್ನೂ ಕೇಳದೆ ತಾನೇ ಹುಟ್ಟುತ್ತದೆ. ಮಾವಿನಕಾಯಿ ಬಂದಿರುವ ಕಾಲ, ಹಾಗಾಗಿ ಚಿತ್ರಾನ್ನಕ್ಕೂ ಚಿಂತೆಯಿಲ್ಲ. ಕೋಸಂಬರಿಯ ಮೇಲೆ ಇದುವರೆಗೆ ಯಾರೂ ದೂರು ಕೊಟ್ಟಿಲ್ಲ. ಮರುದಿನದ ಹೊಸತೊಡಕಿನ ಬಾಡೂಟಕ್ಕಂತೂ ಎರಡೇ ಮಾತು. "ಎಷ್ಟು?" "ಮೂರು ಕೆ.ಜಿ." ಮುಗಿಯಿತು. ಬಾಳೆಎಲೆಯ ಮೇಲ್ತುದಿಯಲ್ಲಿ ಒಂದು ಹಿಡಿ ಜಾಗದಲ್ಲಿ ಕೂರುವ ಪಲ್ಯಕ್ಕೆ ಮಾತ್ರ ವಾರವಿಡೀ ಚರ್ಚೆ.

ತರಕಾರಿಗೆ ಬರವಿರುವ ಊರಾದರೆ ಸರಿ. ನಮ್ಮದು ಚಿಕ್ಕಬಳ್ಳಾಪುರ. ಬೆಂಗಳೂರಿಗೆ ತರಕಾರಿ ಹೊತ್ತು ಹೋಗುವ ವಾಹನಗಳ ಸದ್ದಿಗೇ ಬೆಳಗಾಗುವ ಊರು. 2007ರಲ್ಲಿ ಕೋಲಾರವನ್ನು ಒಡೆದು ನಮ್ಮನ್ನು ಬೇರೆ ಜಿಲ್ಲೆ ಮಾಡಿದರು. ಒಂದು ಜಿಲ್ಲೆಯನ್ನು ಎರಡು ಮಾಡಿದ್ದಾಯಿತು, ನಮ್ಮ ಮನೆಯಲ್ಲಿ ಹತ್ತು ತರಕಾರಿಯಲ್ಲಿ ಒಂದನ್ನು ಆರಿಸುವುದು ಇನ್ನೂ ಆಗಿಲ್ಲ.

ಅದಕ್ಕೆ ಕಾರಣ ನಮ್ಮ ದೊಡ್ಡಪ್ಪ. ಶಿಡ್ಲಘಟ್ಟದ ಕಡೆಯವರು, 35 ವರ್ಷ ರೇಷ್ಮೆ ಹುಳು ಸಾಕಿದವರು. ಪ್ರತಿ ಯುಗಾದಿಗೂ ಒಂದು ವಾರ ಮೊದಲೇ ಬಂದು ನಡುಮನೆಯ ಕುರ್ಚಿಯಲ್ಲಿ ದಿನಪತ್ರಿಕೆ ಹಿಡಿದು ಕೂರುತ್ತಾರೆ. ಅವರು ಯಾವುದನ್ನೂ ಬೇಡ ಎನ್ನುವುದಿಲ್ಲ. ಬೇಡ ಎಂದಿದ್ದರೆ ಜಗಳವಾಡಿಯಾದರೂ ಮುಗಿಸಬಹುದಿತ್ತು. ಅವರು ಹೇಳುವುದು, "ಮಾಡಿ. ಆದರೆ…"

ಬದನೆಕಾಯಿ? "ಮಾಡಿ. ಆದರೆ ನಂಜು. ನನ್ನ ಕಾಲಿನ ಗಾಯ ಈಗಷ್ಟೇ ಮಾಗುತ್ತಿದೆ." ಬಗ್ಗಿ ನೋಡಿದೆ, ಉಗುರು ಕತ್ತರಿಸುವಾಗ ಆದ ಗೀರು. ಆಲೂಗಡ್ಡೆ? "ಮಾಡಿ. ಆದರೆ ವಾಯು." ಎಲೆಕೋಸು? "ಮಾಡಿ. ಆದರೆ ಮನೆಯೆಲ್ಲ ಛತ್ರದ ವಾಸನೆ." ಬೀಟ್‌ರೂಟ್? "ಮಾಡಿ. ಆದರೆ ಎಲೆ ಕೆಂಪು, ಅನ್ನ ಕೆಂಪು, ಇದು ಯುಗಾದಿಯೋ ಹೋಳಿಯೋ?" ಸೀಮೆಬದನೆ? "ಮಾಡಿ. ಆದರೆ ಅದರ ಬದಲು ಒಂದು ಲೋಟ ನೀರು ಕೊಟ್ಟರೂ ನಡೆಯುತ್ತದೆ." ಹಾಗಲಕಾಯಿ ಎಂದಾಗ ಕನ್ನಡಕದ ಮೇಲಿನಿಂದ ನೋಡಿದರು. "ಮಾಡಿ. ಆದರೆ ಬೇವು ತಿನ್ನಿಸಿಯೇ ಊಟಕ್ಕೆ ಕೂರಿಸುತ್ತೀರಲ್ಲ, ಅಷ್ಟು ಕಹಿ ಸಾಲದೇ?"

ಅವರೇ ಸಾಕಿದ ಹುಳುಗಳನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ. ಪೊರೆ ಕಳಚುವ ನಾಲ್ಕು ಜ್ವರ ದಾಟಿ, ಬಲಿತು ಹಣ್ಣಾಗಿ, ಚಂದ್ರಂಕಿ ಎಂಬ ಬಿದಿರಿನ ತಟ್ಟೆ ಏರಿ ಗೂಡು ಕಟ್ಟುವ ತನಕ ಸುಮಾರು 25 ದಿನ ಅವು ತಿನ್ನುವುದು ಹಿಪ್ಪುನೇರಳೆ ಸೊಪ್ಪೊಂದನ್ನೇ. ಒಂದು ಹುಳುವಾದರೂ ತಲೆಯೆತ್ತಿ "ಆದರೆ" ಎಂದದ್ದುಂಟೇ?

ನನ್ನ ಹೆಂಡತಿ ಕೊನೆಗೆ ಗೋರಿಕಾಯಿಯ ಹೆಸರೆತ್ತಿದಳು. ಈ ಸಲ "ಮಾಡಿ" ಎಂಬ ಮಾತೇ ಬರಲಿಲ್ಲ. "ಅದು ತಿಥಿಯ ತರಕಾರಿ" ಎಂದು ಪತ್ರಿಕೆಯ ಪುಟ ಮಗುಚಿದರು.

ಸುತ್ತಿ ಸುತ್ತಿ ಪ್ರತಿ ವರ್ಷದಂತೆ ಹುರುಳಿಕಾಯಿಗೇ ಬಂದು ನಿಂತೆವು. "ಮಾಡಿ. ಆದರೆ ಸಣ್ಣಗೆ ಹೆಚ್ಚಿ." ಇದು ಒಪ್ಪಿಗೆ. ಸಣ್ಣಗೆ ಎಂದರೆ ಚಾಕಿ ಹುಳುವಿಗೆ, ಅಂದರೆ ರೇಷ್ಮೆಯ ಎಳೆ ಮರಿಗೆ, ಸೊಪ್ಪು ಹೆಚ್ಚಿದಷ್ಟು ಸಣ್ಣಗೆ.

ಹಬ್ಬದ ಹಿಂದಿನ ಬೆಳಗ್ಗೆ ಮಾರುಕಟ್ಟೆಗೆ ಹೋದೆ. ಮೊನ್ನೆ 40 ರೂಪಾಯಿ ಇದ್ದ ಹುರುಳಿಕಾಯಿಗೆ ಅಂದು 80. ಸಂಜೆಗೆ ಇಳಿದೀತು ಎಂಬ ಬುದ್ಧಿವಂತಿಕೆಯಿಂದ ಬರಿಗೈಯಲ್ಲಿ ಮರಳಿದೆ. ಸಂಜೆ ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡೆ. ಹೆಂಡತಿ ಮಗನ ಮೊಬೈಲ್‌ಗೆ ಪಟ್ಟಿ ಕಳಿಸಿದಳು. ಒಬ್ಬಟ್ಟಿನ ಹೂರಣ ರುಬ್ಬುತ್ತಾ ಒಂದೇ ಕೈಯಲ್ಲಿ ಒತ್ತಿದ ಪಟ್ಟಿ. ಅದರಲ್ಲಿ "ಹುರುಳಿ 2 ಕೆ.ಜಿ." ಎಂದಿತ್ತು.

ರಾತ್ರಿ ಒಂಬತ್ತಕ್ಕೆ ಮಗ ಬಂದ. ಚೀಲವನ್ನು ಮೊರಕ್ಕೆ ಸುರಿದಾಗ ಜರ್ರನೆ ಸದ್ದಾಯಿತು. ಕಾಯಿ ಬಿದ್ದರೆ ಆಗುವ ಸದ್ದಲ್ಲ ಅದು. ಕಂದು ಬಣ್ಣದ ಹುರುಳಿಕಾಳು, ಎರಡು ಕೆ.ಜಿ., ತೂಕದಲ್ಲಿ ಮೋಸವಿಲ್ಲ. "ಹುರುಳಿ ಅಂತ ಬರೆದಿತ್ತು, ಹುರುಳಿ ತಂದೆ" ಎಂದ. ಈ ವಾದಕ್ಕೆ ಉತ್ತರವಿದ್ದರೆ ನನಗೂ ತಿಳಿಸಿ. "ಕಾಯಿ ಅಂತ ಬಿಡಿಸಿ ಬರೆಯಬೇಕಿತ್ತೇ?" ಎಂದು ಅವಳು, "ಬೆಳಗ್ಗೆಯೇ ತಂದಿದ್ದರೆ?" ಎಂದು ಅಮ್ಮ. ಎಲ್ಲರ ಕಣ್ಣೂ ಕೊನೆಗೆ ನನ್ನ ಮೇಲೆ. ನಡುಮನೆಯಿಂದ ದೊಡ್ಡಪ್ಪ ಮೊರದತ್ತ ಕತ್ತು ಚಾಚಿದರು. "ಮಾಡಿ. ಆದರೆ ಕುದುರೆ ಎಲ್ಲಿ?"

ಹಬ್ಬದ ಬೆಳಗ್ಗೆ ಅಮ್ಮ ಯಾರನ್ನೂ ಕೇಳಲಿಲ್ಲ. ಫ್ರಿಜ್ಜಿನಲ್ಲಿ ತನಗೆಂದು ಇಟ್ಟುಕೊಂಡಿದ್ದ ಗೋರಿಕಾಯಿಯ ನಾರು ತೆಗೆದು, ಬೇಯಿಸಿ, ಹುಚ್ಚೆಳ್ಳು ಹುರಿದು ಪುಡಿ ಮಾಡಿ ಉದುರಿಸಿದಳು. ಆ ವಾಸನೆ ಮೂಗಿಗೆ ಬಡಿದಾಗಲೇ ನನಗೆ ಹೊಳೆದದ್ದು. ನಾವು ಹುಡುಗರಾಗಿದ್ದಾಗ ಶಿಡ್ಲಘಟ್ಟದ ಮನೆಯಲ್ಲಿ ಯುಗಾದಿಗೆ ದೊಡ್ಡಮ್ಮ ಮಾಡುತ್ತಿದ್ದ ಪಲ್ಯ ಇದೇ. ಆಗ ಅದನ್ನು ಯಾರೂ ತಿಥಿಯ ತರಕಾರಿ ಎಂದಿರಲಿಲ್ಲ. ಮೂರು ವರ್ಷದಿಂದ ಅವರ ತಿಥಿಯ ಎಡೆಗೆ ದೊಡ್ಡಪ್ಪ ತಪ್ಪದೆ ಮಾಡಿಸುವುದೂ ಇದನ್ನೇ.

ಎಲೆಗೆ ಬಡಿಸಿದಾಗ ದೊಡ್ಡಪ್ಪ ಕೈ ಅಡ್ಡ ಹಿಡಿಯಲಿಲ್ಲ. ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. "ಹುಚ್ಚೆಳ್ಳು ಇನ್ನೊಂದು ಚೂರು ಹುರಿಯಬೇಕಿತ್ತು. ಅವಳು ಚಟಪಟ ಸದ್ದು ನಿಲ್ಲುವ ತನಕ ಹುರಿಯುತ್ತಿದ್ದಳು" ಎಂದರು. ಅಮ್ಮ "ಹೌದು ಭಾವ" ಎಂದು ಇನ್ನೊಂದು ಸೌಟು ಬಡಿಸಿದಳು.

ಹೊಸತೊಡಕಿನ ಮರುದಿನ ಊರಿಗೆ ಹೊರಟಾಗ ಹುರುಳಿಕಾಳಿನ ಚೀಲವನ್ನು ತಾವೇ ಕೇಳಿ ಪಡೆದರು, ನೆನೆಹಾಕಿ ಮೊಳಕೆ ಬರಿಸಿ ಸಾರು ಮಾಡಿಸುತ್ತಾರಂತೆ. ಇವತ್ತು ಬೆಳಗ್ಗೆ ಫೋನು ಬಂತು.

"ಸಾರು ಚೆನ್ನಾಗಿ ಬಂತು. ಆದರೆ ನಿನ್ನ ಮಗ ತಂದ ಹುರುಳಿಯಲ್ಲಿ ಕಲ್ಲಿತ್ತು."