ದುಡ್ಡು ಕೊಟ್ಟು ಸಾಂಬಾ ಕುಣಿದವನ ತಪ್ಪೊಪ್ಪಿಗೆ

ಪ್ರತಿ ಫೆಬ್ರವರಿಯಲ್ಲಿ ಯಾರೋ ಒಬ್ಬರು ನನ್ನ ಆ ಹಳೆಯ ಫೋಟೊವನ್ನು ಹುಡುಕಿ ಮೇಲೆ ತರುತ್ತಾರೆ. ಬ್ರೆಜಿಲ್ಲಿನ ರಿಯೊ ಡಿ ಜನೈರೊದ ಕಾರ್ನಿವಲ್ ಮೆರವಣಿಗೆಯಲ್ಲಿ ನಾನು. ತಲೆ ಮೇಲೆ ಹಳದಿ ಗರಿ, ಬೆನ್ನಿಗೆ ತಂತಿಯ ರೆಕ್ಕೆ, ಮುಖದಲ್ಲಿ ಮದುಮಗನ ನಗು. 'ಸಖತ್ ಗುರೂ' ಅಂತ ಕಮೆಂಟು ಬೀಳುತ್ತವೆ. ಈ ಸಲ ನಿಜ ಹೇಳಿಬಿಡುತ್ತೇನೆ. ಅವತ್ತು ನನ್ನಿಂದ ಅಲ್ಲಿನವರಿಗೆ ಕಾಟವೇ ಜಾಸ್ತಿ ಆಗಿತ್ತು.

ಆಫೀಸಿನ ಕೆಲಸದ ಮೇಲೆ ಆ ಊರಲ್ಲಿ ಇದ್ದೆ. ಸಾಂಬಾ ಅಂದರೆ ಅಲ್ಲಿನ ಹಾಡು-ಕುಣಿತ. ದೊಡ್ಡ ಸಾಂಬಾ ಶಾಲೆಗಳು ಮೆರವಣಿಗೆಯ ಕೆಲವು ಸಾಲುಗಳ ವೇಷವನ್ನು ಹೊರಗಿನವರಿಗೆ ಮಾರುತ್ತವೆ. ದುಡ್ಡು ಕಟ್ಟಿದೆ. ವೇಷ ಸಿಕ್ಕಿತು, ಜೊತೆಗೆ ಆ ವರ್ಷದ ಹಾಡಿನ ಚೀಟಿಯೂ ಸಿಕ್ಕಿತು. ಚೀಟಿಯನ್ನು ಪರ್ಸಿನಲ್ಲಿ ಇಟ್ಟವನು ಮತ್ತೆ ತೆಗೆಯಲಿಲ್ಲ.

ಶಾಲೆ ಅಂದರೆ ಮಗ್ಗಿ ಹೇಳಿಕೊಡುವ ಶಾಲೆ ಅಂದುಕೊಳ್ಳಬೇಡಿ. ಅದು ಕೇರಿಯ ಸಂಘ. 1928ರಲ್ಲಿ ಎಸ್ತಾಸಿಯೊ ಎಂಬ ಬಡಾವಣೆಯಲ್ಲಿ ಇಸ್ಮಾಯೆಲ್ ಸಿಲ್ವ ಮತ್ತು ಗೆಳೆಯರು 'ದೇಯ್ಶಾ ಫಲಾರ್' ಅಂತ ಒಂದು ಗುಂಪು ಕಟ್ಟಿದರು. 'ಆಡಿಕೊಳ್ಳೋರು ಆಡಿಕೊಳ್ಳಲಿ ಬಿಡು' ಅಂತ ಅರ್ಥ. ಕಪ್ಪು ಜನ ಸಾಂಬಾ ಬಾರಿಸಿದರೆ ಪೊಲೀಸರು ಹಿಡಿಯುತ್ತಿದ್ದ ಕಾಲದ ನೆನಪು ಆಗಿನ್ನೂ ಹಸಿಯಾಗಿತ್ತು, ಹಾಗಾಗಿ ಆ ಹೆಸರು ಸುಮ್ನೆ ಇಟ್ಟದ್ದಲ್ಲ. ಹತ್ತಿರದಲ್ಲೇ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಶಾಲೆ ಇತ್ತಂತೆ. ನಾವೂ ಸಾಂಬಾದ ಮೇಷ್ಟ್ರುಗಳೇ ಅಲ್ವಾ, ನಮ್ಮದೂ ಶಾಲೆಯೇ ಅಂದರು ಇವರು. ನಾಲ್ಕು ವರ್ಷದ ಮೇಲೆ, 1932ರಲ್ಲಿ, ಒಂದು ಕ್ರೀಡಾ ಪತ್ರಿಕೆ ಮೊದಲ ಸ್ಪರ್ಧೆ ಏರ್ಪಡಿಸಿತು. ಗೆದ್ದದ್ದು ಮಾಂಗೇರ ಎಂಬ ಶಾಲೆ. ಮಾಂಗೇರ ಅಂದರೆ ಮಾವಿನ ಮರ. ಆ ಹೆಸರಿನೊಳಗಿನ 'ಮಾಂಗ' ಎಂಬ ಪದವನ್ನು ಪೋರ್ಚುಗೀಸರು ಎತ್ತಿಕೊಂಡು ಹೋದದ್ದು ನಮ್ಮ ಪಕ್ಕದ ಮಲಯಾಳದಿಂದ!

ಆ ಸ್ಪರ್ಧೆಯೇ ಈಗ ಜಗತ್ತು ಟಿವಿಯಲ್ಲಿ ನೋಡುವ ಮೆರವಣಿಗೆ. 1984ರಲ್ಲಿ ವಾಸ್ತುಶಿಲ್ಪಿ ಆಸ್ಕರ್ ನೀಮೆಯರ್ ಅದಕ್ಕೆ ಅಂತಲೇ ಸಾಂಬಾಡ್ರೋಮ್ ಕಟ್ಟಿಕೊಟ್ಟರು. ಸುಮಾರು 700 ಮೀಟರ್ ಉದ್ದದ ರಸ್ತೆ, ಎರಡೂ ಕಡೆ ಗ್ಯಾಲರಿ. ಒಂದೊಂದು ಶಾಲೆಗೂ ಒಂದು ಗಂಟೆಯ ಮೇಲೆ ಸ್ವಲ್ಪ ಸಮಯ ಕೊಡುತ್ತಾರೆ. ಅಷ್ಟರಲ್ಲಿ ಸಾವಿರಾರು ಜನ, ಟ್ಯಾಬ್ಲೊಗಳು, ಇನ್ನೂರೈವತ್ತಕ್ಕೂ ಜಾಸ್ತಿ ವಾದ್ಯದವರು ಆ ತುದಿ ಮುಟ್ಟಬೇಕು. ತಡವಾದರೆ ಅಂಕ ಕಟ್. ಒಂಬತ್ತು ವಿಷಯಕ್ಕೆ ಅಂಕ, ಅದೂ ಪಾಯಿಂಟಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಅಂಕದಲ್ಲಿ ಕೊನೆಗೆ ಬಿದ್ದ ಶಾಲೆ ಕೆಳಗಿನ ಗುಂಪಿಗೆ ಇಳಿಯಬೇಕು.

ಆ ಒಂಬತ್ತರಲ್ಲಿ ಒಂದು 'ಹಾರ್ಮೊನಿಯ'. ಕುಣಿಯುವವರೆಲ್ಲ ವಾದ್ಯಕ್ಕೆ ಸರಿಯಾಗಿ ಹಾಡುತ್ತಿದ್ದಾರಾ ಅಂತ ನೋಡುವುದು. ನಾನು ಸಿಕ್ಕಿಬಿದ್ದದ್ದು ಇಲ್ಲೇ.

ಗೇಟು ದಾಟಿ ನೂರು ಹೆಜ್ಜೆ ಹಾಕಿರಲಿಲ್ಲ, ಶಾಲೆಯ ಟೀಶರ್ಟ್ ಹಾಕಿದ ಒಬ್ಬ ನನ್ನ ಮುಖದ ಹತ್ತಿರ ಬಂದು 'ಕಾಂತಾ! ಕಾಂತಾ!' ಅಂತ ಅರಚಿದ. ಹಾಡು, ಹಾಡು! ನಾನು ಬಾಯಿ ಆಡಿಸಿದೆ. ಪಕ್ಕದಲ್ಲಿ ನನ್ನ ಅಮ್ಮನ ವಯಸ್ಸಿನ ಹೆಂಗಸು. ನನ್ನ ತುಟಿಯನ್ನೇ ನೋಡಿ, 'ಮಗನೇ, ಪಲ್ಲವಿಯಾದರೂ ಹೇಳು' ಅಂದರು. ಅಷ್ಟಂದು ಮತ್ತೆ ಹಾಡಿಗೆ ಹೋದರು. ರೆಕ್ಕೆಯ ಪಟ್ಟಿ ಭುಜ ತರಚುತ್ತಿತ್ತು. ನಾಚಿಕೆ ಅದಕ್ಕಿಂತ ಜಾಸ್ತಿ ಉರಿಯುತ್ತಿತ್ತು.

ಆಮೇಲೆ ಗೊತ್ತಾಯಿತು, ಕೇರಿಯವರಿಗೆ ವೇಷ ಬಿಟ್ಟಿ ಸಿಗುತ್ತದೆ, ಆದರೆ ತಿಂಗಳುಗಟ್ಟಲೆ ರಿಹರ್ಸಲ್‌ಗೆ ಬರಬೇಕು. ನಾನು ಆ ತಿಂಗಳುಗಳನ್ನು ಕಾರ್ಡ್ ಉಜ್ಜಿ ದಾಟಿದ್ದೆ. ಮಂಗಳೂರು ಕಡೆಯವನು ನಾನು, ಹುಲಿವೇಷದ ತಾಸೆ ಕೇಳಿ ಬೆಳೆದವನು. ಹೆಜ್ಜೆ ಬಾರದ ಪ್ರವಾಸಿಯೊಬ್ಬ ದುಡ್ಡು ಕೊಟ್ಟು ಬಣ್ಣ ಬಳಿಸಿಕೊಂಡು ನಮ್ಮ ತಂಡದ ನಡುವೆ ನುಗ್ಗಿದರೆ ನಾನೇ ಬೈಯುತ್ತಿದ್ದೆ.

'ಬಡವರು ಗರಿಗೆ ಯಾಕೆ ದುಡ್ಡು ಸುರಿಯಬೇಕು' ಅಂತ ಕೇಳುವವರು ಇಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ಬೇಜ-ಫ್ಲೋರ್ ಶಾಲೆಯ ಮೆರವಣಿಗೆ ರೂಪಿಸುತ್ತಿದ್ದ ಜೊವಾಸಿಞೊ ತ್ರಿಂತಾ ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಿದ್ದಾರೆ: ಜನಕ್ಕೆ ಬೇಕಾದದ್ದು ವೈಭವ, ದಾರಿದ್ರ್ಯ ಇಷ್ಟಪಡುವವರು ಬುದ್ಧಿಜೀವಿಗಳು. ನಾನು ಅವರ ಪಕ್ಷ. ಮೆರವಣಿಗೆ ಒಂದು ರಾತ್ರಿ, ಶಾಲೆಯ ಕ್ವಾದ್ರ ಎಂಬ ಅಂಗಳ ವರ್ಷವಿಡೀ. ಅಲ್ಲೇ ರಿಹರ್ಸಲ್, ಅಲ್ಲೇ ಕಪ್ಪು ಬೀನ್ಸಿನ ಫೇಜೊವಾದ ಊಟ. ಮಾಂಗೇರದಲ್ಲಿ ಮಕ್ಕಳಿಗೇ ಬೇರೆ ಸಾಂಬಾ ಶಾಲೆ ಇದೆ. 1987ರಲ್ಲಿ ಗಾಯಕಿ ಅಲ್ಸಿಯೋನಿ ಶುರು ಮಾಡಿದ್ದು. ಅಗಲ ಲಂಗ ತೊಟ್ಟು ಗಿರಗಿರ ತಿರುಗುವ ಅಜ್ಜಿಯರ ಸಾಲು, 'ಬಯಾನಾ'ಗಳದ್ದು, ಪ್ರತಿ ಶಾಲೆಯಲ್ಲೂ ಇರಲೇಬೇಕು. ಮುದುಕಿಯರಿಲ್ಲದೆ ಸ್ಪರ್ಧೆಗೇ ಬರುವ ಹಾಗಿಲ್ಲ ಅನ್ನೋ ನಿಯಮ ಬೇರೆಲ್ಲಾದರೂ ಇದ್ದರೆ ಹೇಳಿ.

ಹಾಗಂತ ಎಲ್ಲ ಚೊಕ್ಕ ಅಂತೇನಲ್ಲ. ನಮ್ಮ ಮಟ್ಕಾ ಥರದ 'ಬಿಶೊ' ಜೂಜಿನ ದೊರೆಗಳು ದಶಕಗಟ್ಟಲೆ ಈ ಶಾಲೆಗಳನ್ನು ಸಾಕಿದ್ದಾರೆ. 1993ರಲ್ಲಿ ನ್ಯಾಯಾಧೀಶೆ ಡೆನಿಸಿ ಫ್ರೊಸಾರ್ಡ್ ಅಂಥ 14 ಜನರನ್ನು ಜೈಲಿಗೆ ಕಳಿಸಿದರು. ಪ್ರವಾಸಿಗೆ ವೇಷ ಮಾರುವುದು ಅದಕ್ಕಿಂತ ಮರ್ಯಾದೆಯ ದುಡ್ಡು, ಒಪ್ಪುತ್ತೇನೆ. ಕೊಳ್ಳುವವನು ಹಾಡು ಕಲಿತು ಬರಲಿ ಅಂತಷ್ಟೇ ನನ್ನ ತಕರಾರು.

2011ರಲ್ಲಿ ಮೆರವಣಿಗೆಗೆ ತಿಂಗಳಿದೆ ಅನ್ನುವಾಗ ಶಾಲೆಗಳು ವೇಷ, ಟ್ಯಾಬ್ಲೊ ತಯಾರಿಸುವ ಶೆಡ್ಡುಗಳಿಗೆ ಬೆಂಕಿ ಬಿತ್ತು. ಮೂರು ಶಾಲೆಗಳ ಸಾವಿರಾರು ವೇಷ ಬೂದಿಯಾಯಿತು. ಆ ವರ್ಷ ಆ ಮೂವರಿಗೆ ಅಂಕ ಹಾಕಲಿಲ್ಲ, ಯಾರನ್ನೂ ಕೆಳಗಿಳಿಸಲಿಲ್ಲ. ಮೂರೂ ಶಾಲೆಗಳು ಮತ್ತೆ ಹೊಲಿದುಕೊಂಡು ಬಂದು ಕುಣಿದವು. ದುಡ್ಡು ಕೊಟ್ಟ ನನ್ನಂಥವರನ್ನು ನಂಬಿಕೊಂಡಿದ್ದರೆ ಅದು ಆಗುತ್ತಿತ್ತಾ?

ಇನ್ನು ಫೋಟೊದಲ್ಲಿರುವ ರೆಕ್ಕೆಯ ಕಥೆ. ಮೆರವಣಿಗೆ ಮುಗಿಯುವ ತುದಿಯಲ್ಲಿ ಜನ ವೇಷ ಬಿಚ್ಚಿ ರಾಶಿ ಹಾಕಿ ಹೋಗುತ್ತಾರೆ. ನಾನೂ ಬಿಸಾಡಲು ಹೊರಟೆ. ಗೋಣಿಚೀಲ ಹಿಡಿದಿದ್ದ ಒಬ್ಬ ತಡೆದ. 'ತಂತಿ ಬಗ್ಗಿಸಬೇಡ, ನಮ್ಮ ಶಾಲೆಗೆ ಬೇಕು' ಅಂದ. ಪಟ್ಟಿ ಬಿಚ್ಚಲು ನನಗೆ ಬರಲಿಲ್ಲ, ಅವನೇ ಬಿಚ್ಚಿಕೊಂಡ. ಅವರದು ಸಣ್ಣ ಶಾಲೆ. ಅಂಥವು ಕುಣಿಯುವುದು ಊರಿನ ಉತ್ತರಕ್ಕಿರುವ ಇಂಟೆಂಡೆಂಟೆ ಮಗಲ್ಯಾಯಿಸ್ ಎಂಬ ಮಾಮೂಲಿ ರಸ್ತೆಯಲ್ಲಿ. ಟಿಕೆಟ್ಟಿಲ್ಲ. ಮರುದಿನ ರಾತ್ರಿ ಹೋದೆ. ಜನ ಮನೆಯಿಂದ ಕುರ್ಚಿ ತಂದು ಕೂತಿದ್ದರು. ಒಂದು ಟ್ಯಾಬ್ಲೊ ಕೆಟ್ಟು ನಿಂತಿತು, ಹತ್ತು ಜನ ತಳ್ಳಿದರು, ತಳ್ಳುವವರೂ ಹಾಡುತ್ತಿದ್ದರು.

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ ಆ ವೇಷ ಎಲ್ಲಿ ಕೊಳ್ಳೋದು ಅಂತ ಕೇಳಿದ. ಮೊದಲು ಹಾಡು ಕಳಿಸುತ್ತೇನೆ, ಬಾಯಿಪಾಠ ಆದ ಮೇಲೆ ಮತ್ತೆ ಮಾಡು ಅಂದೆ. ಇನ್ನೂ ಮಾಡಿಲ್ಲ.