ಬ್ಯೂಜೋ ಕಣ್ಣಿಟ್ಟಿದ್ದು ಕಣಜದ ಮೇಲೆ

ಹತ್ತೊಂಬತ್ತನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಅಲ್ಜೀರಿಯಾದಲ್ಲಿ ಫ್ರಾನ್ಸ್ ಗೆದ್ದಿದ್ದು ತೋಪುಗಳ ಬಲದಿಂದ ಅಂತ ಒಂದು ಲೇಖನದಲ್ಲಿ ಓದಿದೆ. ನನಗೇನೋ ಇದು ಅರ್ಧ ಸತ್ಯ ಅನಿಸಿತು. ಅಲ್ಲಿ ಫ್ರೆಂಚ್ ಸೇನೆ ನಡೆಸಿದ ಮಾರ್ಷಲ್ ಬ್ಯೂಜೋ ಮಾಡಿದ್ದು ಇದಕ್ಕೆ ಉಲ್ಟಾ. 1836ರಲ್ಲಿ ಅಲ್ಲಿಗೆ ಹೋದವನೇ ಭಾರದ ತೋಪು, ಗಾಡಿಗಳನ್ನು ಬಿಟ್ಟುಬಿಟ್ಟ. ಸಾಮಾನನ್ನೆಲ್ಲ ಹೇಸರಗತ್ತೆಗಳ ಬೆನ್ನಿಗೆ ಹೇರಿಸಿದ. ಚಿಕ್ಕ ಚಿಕ್ಕ ತುಕಡಿಗಳು, ಸರಸರ ನಡಿಗೆ. ಹಿಂದೆ ಸ್ಪೇನಿನಲ್ಲಿ ನೆಪೋಲಿಯನ್ ಪಡೆಯಲ್ಲಿದ್ದಾಗ ಗೆರಿಲ್ಲಾಗಳ ಕೈಲಿ ತಿಂದ ಪೆಟ್ಟೇ ಅವನಿಗೆ ಪಾಠ.

ಆದರೆ ಅವನ ಯುದ್ಧನೀತಿಯ ತಿರುಳು ಬೇರೆ. ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ಅಲ್ಜೀರಿಯಾದ ನಾಯಕ ಅಬ್ದುಲ್ ಖಾದರನ ಸವಾರರು ಕೈಗೆ ಸಿಗುತ್ತಿರಲಿಲ್ಲ. ಅವರ ಕಾಳು ಎಲ್ಲಿಗೆ ಓಡುತ್ತದೆ? ಅಲ್ಲಿನ ಜನ ಧಾನ್ಯವನ್ನು ನಮ್ಮ ಹಗೇವಿನ ಹಾಗೆ ನೆಲದೊಳಗೆ ಹೂತಿಡುತ್ತಿದ್ದರು. ಸೈನಿಕರು ನೆಲ ಚುಚ್ಚಿ ಚುಚ್ಚಿ ಆ ಗುಂಡಿಗಳನ್ನು ಹುಡುಕುತ್ತಿದ್ದರು. ಕಾಳು ಬಾಚಿಕೊಂಡು, ಕುರಿಮಂದೆ ಹೊಡೆದುಕೊಂಡು, ನಿಂತ ಬೆಳೆಗೆ ಬೆಂಕಿ ಇಡುತ್ತಿದ್ದರು. ಇದಕ್ಕೆ 'ರಜ್ಜಿಯಾ' ಅಂತ ಹೆಸರು. ಸುಮ್ನೆ ಹೇಳೋದಾದರೆ ದರೋಡೆ, ಅಲ್ವಾ?

1845ರಲ್ಲಿ ಅಲ್ಜೀರಿಯಾದ ದಾಹ್ರಾ ಗುಡ್ಡಗಾಡಿನ ಗುಹೆಯಲ್ಲಿ ಅಡಗಿದ್ದ ನೂರಾರು ಜನರನ್ನು, ಹೆಂಗಸರು ಮಕ್ಕಳು ಸೇರಿ, ಬ್ಯೂಜೋನ ಕೈಕೆಳಗಿನ ಕರ್ನಲ್ ಪೆಲಿಸಿಯೇ ಬಾಗಿಲಲ್ಲಿ ಬೆಂಕಿ ಹಾಕಿ ಉಸಿರುಗಟ್ಟಿಸಿ ಕೊಂದ. ಹೊಗೆ ಹಾಕುವ ಸೂಚನೆ ಬ್ಯೂಜೋನದ್ದೇ. ಪ್ಯಾರಿಸ್ಸಿನಲ್ಲಿ ಗಲಾಟೆ ಎದ್ದಾಗ ಅವನು ತನ್ನ ಅಧಿಕಾರಿಯ ಪರ ನಿಂತ. ನಾನು ಓದಿದ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ.

ಇನ್ನೊಂದು ವಿಷಯ. 1896ರಲ್ಲಿ ಬ್ರಿಟಿಷ್ ಅಧಿಕಾರಿ ಕಾಲ್‌ವೆಲ್ ವಸಾಹತು ಯುದ್ಧಗಳ ಬಗ್ಗೆ ದೊಡ್ಡ ಕೈಪಿಡಿ ಬರೆದ. ಅದರಲ್ಲಿ ಬ್ಯೂಜೋಗೆ ಜಾಸ್ತಿಯೇ ಹೊಗಳಿಕೆ ಇದೆ. ಸೇನೆ ಸಿಗದಿದ್ದರೆ ದನಕರು, ಬೆಳೆ, ಹಳ್ಳಿಗೆ ಕೈಹಾಕು ಎಂಬ ಸಲಹೆ ಅಲ್ಲೂ ಉಂಟು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷ್ ಸೇನೆ ಇಟ್ಟ ಬೆಂಕಿಗೆ ಬೋಯರ್ (ಡಚ್ ಮೂಲದ ವಲಸಿಗ) ರೈತರ ತೋಟದ ಮನೆಗಳು ಉರಿಯುತ್ತಿದ್ದವು.